ಕ್ಯಾಥೆಟರ್ ದಿನ ಎಣಿಸಲು ಕಲಿತದ್ದು

ವಾರ್ಡ್‌ನಲ್ಲಿ ಹನ್ನೊಂದು ವರ್ಷ ಡ್ಯೂಟಿ ಮಾಡಿದ ಮೇಲೆ ಸೋಂಕು ನಿಯಂತ್ರಣದಲ್ಲಿ ಸ್ನಾತಕೋತ್ತರ ಓದಿಗೆ ಸೇರಿದೆ. "ಕೈ ತೊಳೆಯೋದು ಕಲಿಯೋಕೆ ಎರಡು ವರ್ಷ ಬೇಕಾ?" ಎಂದು ಜೊತೆಯವರು ನಕ್ಕರು. ನನಗೂ ಒಳಗೊಳಗೆ ಅದೇ ಅನುಮಾನ ಇತ್ತು.

ಮೊದಲ ಪ್ರಾಕ್ಟಿಕಲ್‌ನಲ್ಲೇ ಅನುಮಾನ ಇಳಿಯಿತು. ಹೊಳೆಯುವ ಬಣ್ಣ ಬೆರೆಸಿದ ಹ್ಯಾಂಡ್ ರಬ್, ಅಂದರೆ ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ದ್ರವ ಕೊಟ್ಟರು. ಎಂದಿನಂತೆ ಉಜ್ಜಿಕೊಂಡು ಅಲ್ಟ್ರಾವಯೊಲೆಟ್ ದೀಪದ ಪೆಟ್ಟಿಗೆಯೊಳಗೆ ಕೈ ಇಟ್ಟೆ. ಅಂಗೈಯೆಲ್ಲ ನೀಲಿಯಾಗಿ ಹೊಳೆಯಿತು. ಆದರೆ ಬಲಗೈ ಹೆಬ್ಬೆರಳು ಬುಡದಿಂದ ತುದಿವರೆಗೆ ಕಪ್ಪು. ಉಗುರಿನ ಸುತ್ತಲೂ ಕಪ್ಪು. ಅಲ್ಲಿಗೆ ರಬ್ ತಾಗೇ ಇರಲಿಲ್ಲ. ಸಿರಿಂಜ್ ಒತ್ತುವುದು, ಐವಿ ಲೈನ್ ಮುಚ್ಚಳ ತಿರುಗಿಸುವುದು ಎಲ್ಲಾ ಅದೇ ಬೆರಳಿನಿಂದ ಅಲ್ವಾ! ರಬ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ 40ರಿಂದ 60 ಸೆಕೆಂಡ್ ಅನ್ನುವುದು ಗೊತ್ತೇ ಇತ್ತು. ಗಡಿಯಾರ ನೋಡಿಕೊಂಡು ಉಜ್ಜಿದ್ದು ಮಾತ್ರ ಅವತ್ತೇ ಮೊದಲು.

ಮೈಕ್ರೋಬಯಾಲಜಿ ನನಗೆ ಕಷ್ಟವಾಯಿತು, ಆ ಕಥೆ ಬೇಡ. ಸಿ. ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ಭೇದಿಯ ಪಾಠ ಮಾತ್ರ ಮರುದಿನವೇ ಕೆಲಸಕ್ಕೆ ಬಂತು. ಅದರ ಬೀಜಕಗಳು (ಗಟ್ಟಿ ಕವಚದ ಸ್ಪೋರ್‌ಗಳು) ಆಲ್ಕೋಹಾಲ್‌ಗೆ ಸಾಯುವುದಿಲ್ಲ. ಸೋಪು ಹಚ್ಚಿ ನೀರಿನಲ್ಲಿ ತೊಳೆದುಕೊಂಡೇ ಕಳೆಯಬೇಕು.

ಆಮೇಲೆ ಆಡಿಟ್ ಕಲಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯಲ್ಲಿ ಕೈ ಸ್ವಚ್ಛ ಮಾಡಿಕೊಳ್ಳಬೇಕಾದ ಐದು ಸಂದರ್ಭಗಳಿವೆ. ಹಾಳೆ ಹಿಡಿದು ವಾರ್ಡ್‌ನ ಮೂಲೆಯಲ್ಲಿ ನಿಂತು ಒಂದೊಂದಕ್ಕೂ ಗುರುತು ಹಾಕಬೇಕು. ನಾನು ನಿಂತರೆ ಸಾಕು, ಎಲ್ಲರ ಕೈಯೂ ರಬ್ ಬಾಟಲಿಯತ್ತ! ಸುಮ್ನೆ ಹದಿನೈದು ನಿಮಿಷ ಕಳೆದರೆ ನನ್ನನ್ನು ಮರೆಯುತ್ತಿದ್ದರು. ಆಗ ಕಂಡದ್ದೇ ನಿಜ. ರೋಗಿಯನ್ನು ಮುಟ್ಟಿದ ಮೇಲೆ ಬಹಳಷ್ಟು ಜನ ಕೈ ಸ್ವಚ್ಛ ಮಾಡಿಕೊಳ್ಳುತ್ತಾರೆ, ಮುಟ್ಟುವ ಮೊದಲು ಮರೆಯುತ್ತಾರೆ. ನಮಗೆ ಹತ್ತೀತು ಅನ್ನುವ ಭಯವಿದೆ, ನಮ್ಮಿಂದ ಹತ್ತೀತು ಅನ್ನುವ ಭಯ ಕಮ್ಮಿ. ಇನ್ನು ಗ್ಲೌಸ್ ಹಾಕಿಕೊಂಡೇ ಫೋನ್ ಎತ್ತುವುದರ ಬಗ್ಗೆ ಹೇಳಹೊರಟರೆ ನನ್ನ ಬಿಪಿ ಏರುತ್ತದೆ.

ಥೀಸಿಸ್‌ಗೆ ಮೂತ್ರದ ಕ್ಯಾಥೆಟರ್, ಅಂದರೆ ಮೂತ್ರ ಹೊರಹೋಗಲು ಮೂತ್ರಕೋಶಕ್ಕೆ ಹಾಕುವ ಕೊಳವೆ, ಆರಿಸಿಕೊಂಡೆ. ಒಳಗಿದ್ದಷ್ಟು ಕಾಲವೂ, ದಿನವೊಂದಕ್ಕೆ ಶೇ. 3ರಿಂದ 7ರಷ್ಟು ರೋಗಿಗಳ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಹಾಗಾಗಿ ಬೇಡದ ದಿನವೇ ತೆಗೆಯುವುದು ಎಲ್ಲಕ್ಕಿಂತ ಒಳ್ಳೆಯ ತಡೆ. ನಾನು ಮಾಡಿದ್ದು ಇಷ್ಟೇ: ಬೆಳಗಿನ ರೌಂಡ್ಸ್‌ನಲ್ಲಿ ಪ್ರತಿ ರೋಗಿಯ ಹತ್ತಿರ ಒಂದು ಪ್ರಶ್ನೆ. "ಸರ್, ಇವರಿಗೆ ಕ್ಯಾಥೆಟರ್ ಇವತ್ತೂ ಬೇಕಾ?" ಮೊದಮೊದಲು ಡಾಕ್ಟರುಗಳಿಗೆ ಕಿರಿಕಿರಿ. ಒಬ್ಬರಂತೂ "ಯಾಕೆ ಹಾಕಿದ್ರು ಇದನ್ನ?" ಎಂದು ನನ್ನನ್ನೇ ತಿರುಗಿ ಕೇಳಿದರು. ಅದು ಆಪರೇಷನ್ ದಿನ ಹಾಕಿದ್ದು, ಆಮೇಲೆ ಯಾರ ಗಮನಕ್ಕೂ ಬಂದಿರಲಿಲ್ಲ. ಮಧ್ಯಾಹ್ನದೊಳಗೆ ತೆಗೆದೆವು.

ದಿನಾ ಅದೇ ಹೊತ್ತಿಗೆ, ಎಷ್ಟು ಜನರಿಗೆ ಕ್ಯಾಥೆಟರ್ ಇದೆ ಎಂದು ಎಣಿಸಿ ಬರೆಯುತ್ತಿದ್ದೆ. ಒಬ್ಬ ರೋಗಿಗೆ ಒಂದು ದಿನ ಇದ್ದರೆ ಒಂದು ಕ್ಯಾಥೆಟರ್ ದಿನ. ಸೋಂಕುಗಳ ಸಂಖ್ಯೆಯನ್ನು ಒಟ್ಟು ಕ್ಯಾಥೆಟರ್ ದಿನಗಳಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ದರ ಸಿಗುತ್ತದೆ. ಲ್ಯಾಬ್‌ನಲ್ಲಿ ಮೂತ್ರದ ಕಲ್ಚರ್ ಮಾಡಿದಾಗ ಬೆಳೆದ ಬ್ಯಾಕ್ಟೀರಿಯಾ ಎಲ್ಲ ಸೋಂಕಲ್ಲ. ಜ್ವರವೋ ಕೆಳಹೊಟ್ಟೆ ನೋವೋ, ಅಂಥ ಲಕ್ಷಣ ಇದ್ದರಷ್ಟೇ ಲೆಕ್ಕಕ್ಕೆ.

ಮೂರನೇ ತಿಂಗಳು ಗ್ರಾಫ್ ಬಿಡಿಸಿದೆ. ದರ ಇಳಿಯುವ ಬದಲು ಏರಿತ್ತು! ರಾತ್ರಿ ನಿದ್ದೆ ಬರಲಿಲ್ಲ. ಎರಡು ಸಲ ಕೂಡಿದೆ, ಅದೇ ಉತ್ತರ. ಬೆಳಿಗ್ಗೆ ಗೈಡ್ ಮೇಡಂ ಮುಂದೆ ಹಾಳೆ ಇಟ್ಟೆ. ಅವರು ನಕ್ಕು, ಹಾಳೆಯ ಹಿಂದೆ ಒಂದು ಲೆಕ್ಕ ಬರೆದರು. 600 ಕ್ಯಾಥೆಟರ್ ದಿನದಲ್ಲಿ 3 ಸೋಂಕು ಅಂದರೆ ದರ 5. 250 ದಿನದಲ್ಲಿ 2 ಸೋಂಕು ಅಂದರೆ ದರ 8. "ಯಾವ ವಾರ್ಡ್‌ಗೆ ನಿಮ್ಮ ಅಮ್ಮನ್ನ ಸೇರಿಸ್ತೀರಿ?" ಎಂದರು.

ಬೇಡದ ಕ್ಯಾಥೆಟರ್ ತೆಗೆದದ್ದಕ್ಕೆ ಭಾಗಿಸುವ ಕೆಳಗಿನ ಅಂಕಿಯೇ, ಅಂದರೆ ಒಟ್ಟು ಕ್ಯಾಥೆಟರ್ ದಿನಗಳೇ, ಕರಗಿತ್ತು. ಉಳಿದವರು ನಿಜವಾಗಿ ಕ್ಯಾಥೆಟರ್ ಬೇಕಾದವರು, ಅಂದರೆ ಜಾಸ್ತಿ ಕಾಯಿಲೆಯವರು. ಸೋಂಕು ಕಮ್ಮಿಯಾಗಿಯೂ ದರ ಏರಿದ್ದು ಅದಕ್ಕೇ. ಅವತ್ತಿನಿಂದ ದರದ ಪಕ್ಕದಲ್ಲೇ ಇನ್ನೆರಡು ಕಾಲಂ ಹಾಕಿದೆ: ಆದ ಸೋಂಕು ಎಷ್ಟು, ವಾರ್ಡ್‌ನ ಒಟ್ಟು ರೋಗಿ ದಿನಗಳಲ್ಲಿ ಕ್ಯಾಥೆಟರ್ ಇದ್ದ ದಿನ ಎಷ್ಟು ಪಾಲು. ಯಾವುದೋ ಘಟಕ ಒಂದೇ ದರ ತೋರಿಸಿ ಬೀಗುವುದನ್ನು ಕಂಡರೆ ಈಗಲೂ ಮೊದಲು ಕೆಳಗಿನ ಅಂಕಿ ಕೇಳುತ್ತೇನೆ.

ವೈವಾದಲ್ಲಿ ಪರೀಕ್ಷಕರು ನೇರವಾಗಿ ಆ ಮೂರನೇ ತಿಂಗಳ ಚುಕ್ಕೆಯ ಮೇಲೇ ಬೆರಳಿಟ್ಟರು. "ಇಷ್ಟೆಲ್ಲ ಮಾಡಿ ದರ ಏರಿದೆಯಲ್ಲಮ್ಮಾ?" ನಾನು ಒಂದು ಖಾಲಿ ಹಾಳೆ ಕೇಳಿದೆ.