ಫಾರ್ಮ್ 8843 ಅನ್ನು ಓಕ್ಯುಲರ್‌ನಲ್ಲಿ ತುಂಬುವುದು ಹೇಗೆ?

ಅಮೆರಿಕದಲ್ಲಿ ಎಫ್-1 ವೀಸಾದ ಮೇಲೆ ಓದುತ್ತಿರುವವರು ಮೊದಲ ಐದು ಕ್ಯಾಲೆಂಡರ್ ವರ್ಷಗಳಲ್ಲಿ ಒಂದು ಡಾಲರ್ ಕೂಡ ದುಡಿಯದಿದ್ದರೂ ಫಾರ್ಮ್ 8843 ಕೊಡಬೇಕು. ಅವರ ಜೊತೆ ಎಫ್-2 ವೀಸಾದಲ್ಲಿರುವ ಗಂಡ ಅಥವಾ ಹೆಂಡತಿ, ಮಕ್ಕಳು, ಒಬ್ಬೊಬ್ಬರಿಗೂ ಬೇರೆ ಬೇರೆ ಫಾರ್ಮ್. ಇದು ತೆರಿಗೆ ಲೆಕ್ಕವಲ್ಲ. ತೆರಿಗೆಗೆ ನಿವಾಸಿಯೇ ಅಲ್ಲವೇ ಎಂದು ನೋಡುವ ಲೆಕ್ಕಕ್ಕೆ ನೀವು ಅಲ್ಲಿದ್ದ ದಿನಗಳನ್ನು ಸೇರಿಸಬಾರದು ಅನ್ನುವ ಹೇಳಿಕೆ, ಅಷ್ಟೇ. ಹಾಗಾಗಿ ಇದಕ್ಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಅಗತ್ಯವಿಲ್ಲ.

ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಜಾಲತಾಣದಿಂದ ಪಿಡಿಎಫ್ ಇಳಿಸಿಕೊಂಡು, ಮೊದಲು ಮೇಲ್ತುದಿಯಲ್ಲಿರುವ ಇಸವಿ ನೋಡಿ. 2025ರ ಲೆಕ್ಕಕ್ಕೆ 2025ರ ಫಾರ್ಮೇ ಬೇಕು. ಗೆಳೆಯರು ಕಳಿಸಿದ ಹಳೇ ಪ್ರತಿಯಲ್ಲಿ ತುಂಬಿದರೆ 4ನೇ ಸಾಲಿನ ವರ್ಷಗಳೆಲ್ಲ ತಪ್ಪಾಗುತ್ತವೆ.

ಫೈಲನ್ನು ಪಿಡಿಎಫ್ ಓದುವ ಉಚಿತ ಪ್ರೋಗ್ರಾಮಾದ ಓಕ್ಯುಲರ್‌ನಲ್ಲಿ ತೆರೆಯಿರಿ. ತುಂಬುವ ಚೌಕಗಳು ಕಾಣದಿದ್ದರೆ ಫಾರ್ಮ್ ತೋರಿಸುವ ಗುಂಡಿ ಒತ್ತಿ. ಫೈರ್‌ಫಾಕ್ಸ್‌ನಲ್ಲೂ ತುಂಬಬಹುದು, ಆದರೆ ಡೌನ್‌ಲೋಡ್ ಗುಂಡಿ ಒತ್ತದೆ ಟ್ಯಾಬ್ ಮುಚ್ಚಿದರೆ ಬರೆದದ್ದೆಲ್ಲ ಹೋಯಿತು. ಲಿಬ್ರೆಆಫೀಸ್ ಡ್ರಾ ಬೇಡ. ಅದು ಪಿಡಿಎಫನ್ನು ಚಿತ್ರದಂತೆ ಬಿಡಿಬಿಡಿ ಮಾಡಿ ತೆರೆಯುತ್ತದೆ, ಮೂಲ ಫಾಂಟ್ ಸಿಗದ ಕಡೆ ಸಾಲುಗಳು ಸರಿದುಬಿಡುತ್ತವೆ. ಕೀಲಿಮಣೆ ಇಂಗ್ಲಿಷಿನಲ್ಲಿದೆಯೇ ಅಂತ ಒಮ್ಮೆ ನೋಡಿಕೊಳ್ಳಿ.

ಹೆಸರಿನ ಸಾಲಿನಲ್ಲಿ ನಮ್ಮ ಕಡೆಯವರು ತಡವರಿಸುವುದು ಹೆಚ್ಚು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರ ವೀಸಾದಲ್ಲಿ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಹೆಸರು ತಿಳಿದಿಲ್ಲ) ಅಂತ ಬಂದಿರುತ್ತದೆ. ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಇದ್ದರೆ ಅದರಲ್ಲಿ ಹೇಗಿದೆಯೋ ಹಾಗೆ ಬರೆಯಿರಿ. ಇಲ್ಲದಿದ್ದರೆ ಕಾಲೇಜು ಕೊಟ್ಟ ಐ-20 ಪತ್ರದಲ್ಲಿರುವಂತೆ. ಇನಿಶಿಯಲ್ ಬಿಡಿಸಿ ಹೊಸ ಹೆಸರು ಕಟ್ಟಬೇಡಿ. ಆದಾಯವೂ ಇಲ್ಲ, ಸೋಶಿಯಲ್ ಸೆಕ್ಯುರಿಟಿಯಂಥ ತೆರಿಗೆ ನಂಬರೂ ಇಲ್ಲ ಅನ್ನುವವರು ಆ ನಂಬರಿನ ಚೌಕವನ್ನು ಖಾಲಿ ಬಿಡಬಹುದು.

ತಲೆಬಿಸಿ ಇರುವುದು 4ನೇ ಸಾಲಿನಲ್ಲಿ. 4ಎಯಲ್ಲಿ ಲೆಕ್ಕದ ವರ್ಷ ಮತ್ತು ಅದರ ಹಿಂದಿನ ಎರಡು, ಹೀಗೆ ಮೂರು ವರ್ಷಗಳಲ್ಲಿ ಅಮೆರಿಕದಲ್ಲಿದ್ದ ದಿನಗಳನ್ನು ಒಂದೊಂದು ವರ್ಷಕ್ಕೂ ಬೇರೆಯಾಗಿ ಕೇಳುತ್ತಾರೆ. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಕಾಲಮ್ಮಿಗೆ ಬಂದ ತಾರೀಖು, ಇನ್ನೊಂದಕ್ಕೆ ಹೊರಟ ತಾರೀಖು ಹಾಕಿ. ಎರಡನೆಯದರಿಂದ ಮೊದಲನೆಯದನ್ನು ಕಳೆದು 1 ಕೂಡಿಸಿ. ಆ 1 ಮರೆತರೆ ಪ್ರತಿ ಸುತ್ತಿಗೂ ಒಂದು ದಿನ ಕಡಿಮೆ ಬರುತ್ತದೆ. 2025ರ ಆಗಸ್ಟ್ 12ಕ್ಕೆ ಇಳಿದು ಡಿಸೆಂಬರ್ 15ಕ್ಕೆ ಊರಿಗೆ ಹೊರಟು, ಜನವರಿಯಲ್ಲಿ ವಾಪಸಾದವರಿಗೆ ಆ ವರ್ಷದ ಲೆಕ್ಕ 126. ಊರಿಗೆ ಹೋಗದೆ ಅಲ್ಲೇ ಇದ್ದಿದ್ದರೆ ಡಿಸೆಂಬರ್ 31ರವರೆಗೆ 142.

ತಾರೀಖನ್ನು 2025-08-12 ಅಂತಲೇ ಟೈಪ್ ಮಾಡಿ. 8/12 ಅಂತ ಬರೆದರೆ ಭಾರತದ ಸೆಟ್ಟಿಂಗ್ ಇರುವ ಲ್ಯಾಪ್‌ಟಾಪ್ ಅದನ್ನು ಡಿಸೆಂಬರ್ 8 ಎಂದು ಓದುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಫಾರ್ಮಿನಲ್ಲಿ ಮಾತ್ರ ತಾರೀಖು ತಿಂಗಳು ಮೊದಲಾಗಿ ಇರಲಿ. ಓಡಾಟದ ತಾರೀಖುಗಳು ಅಮೆರಿಕಕ್ಕೆ ಬಂದುಹೋದ ಸರ್ಕಾರಿ ದಾಖಲೆ ಇರುವ ಐ-94 ಜಾಲತಾಣದ ಪ್ರಯಾಣ ಇತಿಹಾಸದಲ್ಲಿ ಸಿಗುತ್ತವೆ. ಅದನ್ನು ಪಾಸ್‌ಪೋರ್ಟಿನ ಮುದ್ರೆ, ಟಿಕೆಟ್‌ಗಳ ಜೊತೆ ತಾಳೆ ನೋಡಿ. ವರ್ಷವಿಡೀ ವಿದ್ಯಾರ್ಥಿಯಾಗೇ ಇದ್ದವರು 4ಎ ಸಾಲಿನಲ್ಲಿ ಲೆಕ್ಕದ ವರ್ಷಕ್ಕೆ ಹಾಕಿದ ಸಂಖ್ಯೆಯನ್ನೇ, ನಿವಾಸಿ ಲೆಕ್ಕದಿಂದ ಬಿಡಬೇಕಾದ ದಿನಗಳನ್ನು ಕೇಳುವ 4ಬಿಗೂ ಬರೆಯುತ್ತಾರೆ.

ಎರಡನೇ ಭಾಗ ಅಧ್ಯಾಪಕರಿಗೆ, ಬಿಟ್ಟುಬಿಡಿ. ಮೂರನೇ ಭಾಗದ 9 ಮತ್ತು 10ನೇ ಸಾಲುಗಳಲ್ಲಿ ವಿಶ್ವವಿದ್ಯಾಲಯದ ಮತ್ತು ನಿಮ್ಮ ಕಾರ್ಯಕ್ರಮದ ನಿರ್ದೇಶಕರ ವಿವರ ಹಾಕಬೇಕು. ವಿಳಾಸ ಉದ್ದವಾದರೆ ಚೌಕದೊಳಗೆ ಪಠ್ಯ ಪಕ್ಕಕ್ಕೆ ಸರಿಯುತ್ತದೆ, ಅಚ್ಚಿನಲ್ಲಿ ಬಾಲವೇ ಇರುವುದಿಲ್ಲ. ರಸ್ತೆ, ವಿಭಾಗದ ಹೆಸರುಗಳನ್ನು ಚಿಕ್ಕದಾಗಿಸಿ.

ತುಂಬಿದ ಮೇಲೆ ಬೇರೆ ಹೆಸರಿನಲ್ಲಿ ಉಳಿಸಿ, ಮುಚ್ಚಿ, ಇನ್ನೊಂದು ಪ್ರೋಗ್ರಾಮಿನಲ್ಲಿ ತೆರೆದು ನೋಡಿ. ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಖಾಲಿ ಕಾಣುವುದುಂಟು. ಹಾಗಾದರೆ ತುಂಬಿದ ಪ್ರೋಗ್ರಾಮಿನಿಂದಲೇ ಪ್ರಿಂಟ್‌ಗೆ ಹೋಗಿ ಪಿಡಿಎಫ್ ಆಗಿ ಉಳಿಸಿ. ಬರೆದದ್ದು ಪುಟಕ್ಕೇ ಅಂಟಿಕೊಳ್ಳುತ್ತದೆ. ಬದಲಾಯಿಸಬೇಕಾದರೆ ಮೊದಲಿನ ಫೈಲ್ ಬೇಕು, ಅಳಿಸಬೇಡಿ.

ಅಚ್ಚು ಹಾಕುವಾಗ ಕಾಗದದ ಅಳತೆ ಲೆಟರ್ ಇರಲಿ. ಭಾರತದಿಂದ ತಂದ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಎ4 ಇರುತ್ತದೆ. ಮೊದಲ ಎರಡು ಪುಟ ಸಾಕು, ಉಳಿದದ್ದು ಸೂಚನೆಗಳು. ಎರಡನೇ ಪುಟದ ಕೊನೆಯಲ್ಲಿ ಸಹಿ, ತಾರೀಖು. ಇದನ್ನು ಪೆನ್ನಿನಲ್ಲೇ ಹಾಕಿ. ಮೂರನೇ ಭಾಗ ಮುಗಿದ ಮೇಲೆ ಕೆಳಗೆ ನೋಡದೆ ಮಡಚುವವರು ಬಹಳ ಜನ.

ಇದೊಂದನ್ನೇ ಇ-ಫೈಲ್ ಮಾಡಲಾಗದು. ಆದಾಯವಿಲ್ಲದವರು ಜೂನ್ 15ರೊಳಗೆ ಸೂಚನೆಯಲ್ಲಿರುವ ಟೆಕ್ಸಾಸ್‌ನ ಆಸ್ಟಿನ್ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಬೇಕು. ಸಂಬಳ ಬಂದಿದ್ದರೆ ಅನಿವಾಸಿಗಳ ತೆರಿಗೆ ಫಾರ್ಮಾದ 1040-ಎನ್‌ಆರ್ ಜೊತೆ ಲಗತ್ತಿಸಿ ಏಪ್ರಿಲ್ 15ರೊಳಗೆ ಕೊಡಿ. ಅಂಚೆಗೆ ಹಾಕುವ ಮುನ್ನ ಸಹಿಯಾದ ಪುಟವನ್ನು ಸ್ಕ್ಯಾನ್ ಮಾಡಿ, ರಸೀದಿಯ ಜೊತೆ ಇಟ್ಟುಕೊಳ್ಳಿ.