ಚಿಕ್ಕ ಆಕ್ಸಲ್, ದೊಡ್ಡ ಟಾರ್ಕ್: ಎಸ್‌ಜೆ413ಗೆ ಡೀಸೆಲ್ ಎಂಜಿನ್ ಹಾಕಿದ ನನ್ನ ಅನುಭವ

ಸುಜುಕಿಯ ಪುಟ್ಟ 4x4 ಜೀಪು ಎಸ್‌ಜೆ413ಗೆ ಫೋಕ್ಸ್‌ವ್ಯಾಗನ್ 1.9 ಟಿಡಿಐ ಡೀಸೆಲ್ ಎಂಜಿನ್ ಹಾಕ್ತೀನಿ, ಆಕ್ಸಲ್ (ಎಡ ಬಲ ಚಕ್ರಗಳನ್ನು ಹೊತ್ತು ತಿರುಗಿಸುವ ಅಡ್ಡ ಭಾಗ) ಮಾತ್ರ ಬದಲಾಯಿಸಲ್ಲ ಅಂದಾಗ ಒಬ್ಬರೂ ಒಪ್ಪಲಿಲ್ಲ. ಮೊದಲ ಬಂಡೆಯಲ್ಲೇ ಮುರಿಯುತ್ತದೆ, ಟೊಯೊಟಾ ಆಕ್ಸಲ್ ಹಾಕು, ಇಲ್ಲದಿದ್ದರೆ ಆಸೆ ಬಿಡು ಅಂದರು. ಈಗ ಆ ಗಾಡಿ ಕೆಲವು ವರ್ಷಗಳಿಂದ ಬಂಡೆ, ಕೆಸರು, ಹೊಳೆ ಎಲ್ಲ ಕಡೆ ಓಡುತ್ತಿದೆ. ಡಿಫ್ (ಡಿಫರೆನ್ಷಿಯಲ್, ಆಕ್ಸಲ್ ಒಳಗಿನ ಗೇರ್ ಗುಂಪು) ಹಲ್ಲು ಹೋಗಿಲ್ಲ, ಈಗಿರುವ ಶಾಫ್ಟ್ ತಿರುಚಿಲ್ಲ. ಆಗಾಗ ಮುರಿಯುವುದು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ನ (ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದ ದಂಡ) ಕ್ರಾಸ್, ಅಂದರೆ ಅದರ ಕೀಲು, ಒಂದೇ. ಅದು ಮುರಿಯಲಿ ಅಂತಲೇ ಹಾಕಿರುವುದು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಆಕ್ಸಲ್ ಬದಲಾಯಿಸದಿರಲು ಹಠ ಒಂದೇ ಕಾರಣ ಅಲ್ಲ. ಈ ಗಾಡಿಯ ದೊಡ್ಡ ಗುಣವೇ ಕಡಿಮೆ ತೂಕ ಮತ್ತು ಕಡಿಮೆ ಅಗಲ. ದೊಡ್ಡ ಆಕ್ಸಲ್ ಹಾಕಿದರೆ ಸ್ಪ್ರಿಂಗ್ ಬದಲಾಗಬೇಕು, ಬ್ರೇಕ್ ಬದಲಾಗಬೇಕು, ಸ್ಟೀರಿಂಗ್ ಬದಲಾಗಬೇಕು. ಆಮೇಲೆ ಆ ತೂಕ ಹೊರಲು ದೊಡ್ಡ ಟೈರು ಬೇಕು ಅನ್ನಿಸುತ್ತದೆ. ದೊಡ್ಡ ಟೈರು ಬಂತು ಅಂದರೆ ಲೋಡ್ ಮತ್ತೆ ಜಾಸ್ತಿ. ಇದಕ್ಕೆ ಕೊನೆಯೇ ಇಲ್ಲ.

ನಾನು ಲೆಕ್ಕ ಶುರು ಮಾಡಿದ್ದು ಟೈರಿನಿಂದ. ಹಳೆಯ 1.3 ಪೆಟ್ರೋಲ್ ಎಂಜಿನ್ ಕೊಡುವುದು ಸುಮಾರು 100 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ. ಒಂದೊಂದು ಹಂತದ ಗೇರೂ ಅದನ್ನು ಇಷ್ಟಿಷ್ಟು ಪಟ್ಟು ಹೆಚ್ಚಿಸುತ್ತದೆ: ಮೊದಲ ಗೇರ್ 3.65, ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಗೇರ್ ಪೆಟ್ಟಿಗೆ) ಲೋನಲ್ಲಿ 2.27, ಡಿಫ್ 3.9. ಎಲ್ಲ ಗುಣಿಸಿದರೆ 3200 ಚಿಲ್ಲರೆ. ಎರಡು ಆಕ್ಸಲ್‌ಗೆ ಹಂಚಿದರೆ ಒಂದೊಂದಕ್ಕೆ 1600. ಈಗ ಟೈರಿನ ಕಡೆಯಿಂದ ನೋಡಿ. ಕಡಿದಾದ ಏರಿನಲ್ಲಿ ಹಿಂದಿನ ಆಕ್ಸಲ್ ಮೇಲೆ 850 ಕೆಜಿ ಕೂರುತ್ತದೆ ಅಂದುಕೊಳ್ಳಿ. ಒಣ ಬಂಡೆಯ ಒಳ್ಳೆಯ ಹಿಡಿತ, ಟೈರಿನ ತ್ರಿಜ್ಯ 36 ಸೆಂಮೀ. ಟೈರು ಜಾರುವ ಮುಂಚೆ ಆ ಆಕ್ಸಲ್ ತಡೆದುಕೊಳ್ಳಬೇಕಾದದ್ದು ಹತ್ತಿರ ಹತ್ತಿರ 3000 ಎನ್‌ಎಂ. ಅಂದರೆ ಹಳೆಯ ಎಂಜಿನ್‌ನಲ್ಲಿ ಟೈರು ಜಾರುವ ಮೊದಲೇ ಎಂಜಿನ್ ನಿಂತು ಹೋಗುತ್ತಿತ್ತು. ಇಷ್ಟು ವರ್ಷ ಆಕ್ಸಲ್ ಉಳಿಸಿದ್ದು ಎಂಜಿನ್‌ನ ಆ ಬಡತನವೇ.

ಹೊಸ ಎಂಜಿನ್ 90 ಪಿಎಸ್, 210 ಎನ್‌ಎಂ, ಅದೂ 1900 ಆರ್‌ಪಿಎಂನಲ್ಲೇ. ಟ್ರಾನ್ಸ್‌ಫರ್‌ಗೆ 4.16 ಗೇರ್ ಸೆಟ್, ಡಿಫ್‌ಗೆ 3.73 ಹಾಕಿದೆ. ಈಗ ಲೋ ಮೊದಲ ಗೇರ್‌ನಲ್ಲಿ ಚಕ್ರಗಳಿಗೆ ಸಿಗಬಹುದಾದದ್ದು 11,900ರ ಹತ್ತಿರ. ಒಂದು ಆಕ್ಸಲ್‌ಗೆ 6000. ಆದರೆ ಟೈರು ಹಿಡಿಯುವುದು ಈಗಲೂ ಅದೇ 3000! ಎಂಜಿನ್ ಇನ್ನೂ ಎರಡು ಪಟ್ಟು ಆದರೂ, ಟೈರು ಮತ್ತು ತೂಕ ಅಷ್ಟೇ ಇದ್ದರೆ, ಆಕ್ಸಲ್ ಕಾಣುವ ಲೋಡ್ ಅಷ್ಟೇ. ಈ ಲೆಕ್ಕ ಎರಡು ಕಡೆ ತಪ್ಪುತ್ತದೆ. ಒಂದು, ಟೈರು ಎರಡು ಕಲ್ಲಿನ ನಡುವೆ ಸಿಕ್ಕಿಹಾಕಿಕೊಂಡಾಗ. ಇನ್ನೊಂದು, ಗಾಳಿಯಲ್ಲಿ ತಿರುಗುತ್ತಿದ್ದ ಟೈರು ದಢಕ್ಕನೆ ನೆಲ ಕಚ್ಚಿದಾಗ. ನಾನು ಖರ್ಚು ಮಾಡಿದ್ದೆಲ್ಲ ಈ ಎರಡಕ್ಕಾಗಿಯೇ.

4.16 ಸೆಟ್ ಹಾಕಿದ್ದಕ್ಕೂ ಬೈಸಿಕೊಂಡೆ. ಟಾರ್ಕ್ ಇರುವ ಎಂಜಿನ್‌ಗೆ ಮತ್ತೆ ಲೋ ಗೇರ್ ಯಾಕೆ ಅಂತ. ಈಗ ಐಡಲ್‌ನಲ್ಲೇ ಗಾಡಿ ಗಂಟೆಗೆ 2 ಕಿಮೀ ವೇಗದಲ್ಲಿ ತೆವಳುತ್ತದೆ. ಕ್ಲಚ್ ಮುಟ್ಟುವುದೇ ಬೇಡ, ಜರ್ಕ್ ಇಲ್ಲ. ಇದರಿಂದ ಉಳಿದಷ್ಟು ಪಾರ್ಟ್ಸ್ ದುಬಾರಿ ಶಾಫ್ಟ್‌ನಿಂದಲೂ ಉಳಿದಿಲ್ಲ.

ಮೊದಲು ಸತ್ತದ್ದು ಆಕ್ಸಲ್ ಅಲ್ಲ, ಗೇರ್ ಬಾಕ್ಸ್‌ನ ಇನ್‌ಪುಟ್ ಬೇರಿಂಗ್. ಹೊಸ ಎಂಜಿನ್ನನ್ನು ಸುಜುಕಿ ಗೇರ್ ಬಾಕ್ಸ್‌ಗೆ ಜೋಡಿಸಲು ಒಂದು ವರ್ಕ್‌ಶಾಪ್ ಮಾಡಿಕೊಟ್ಟ ಅಡಾಪ್ಟರ್ ಪ್ಲೇಟ್ ಕಣ್ಣಿಗೆ ಚೆನ್ನಾಗಿತ್ತು, ಬೋಲ್ಟ್ ಎಲ್ಲ ಕೂತವು. ಡಯಲ್ ಗೇಜ್ ಅನ್ನು ಫ್ಲೈವೀಲ್‌ಗೆ ಕಟ್ಟಿ ಬೆಲ್ ಹೌಸಿಂಗ್ ಬೋರ್ ಸುತ್ತ ತಿರುಗಿಸಿದರೆ ಅರ್ಧ ಮಿಮೀ ಹತ್ತಿರ ಓಟ, ಅಂದರೆ ಎಂಜಿನ್ನಿನ ಕೇಂದ್ರವೂ ಗೇರ್ ಬಾಕ್ಸ್‌ನ ಕೇಂದ್ರವೂ ಒಂದೇ ಗೆರೆಯಲ್ಲಿಲ್ಲ. 0.12, ಜಾಸ್ತಿ ಅಂದರೆ 0.15 ಮಿಮೀಗಿಂತ ಮೇಲೆ ಹೋದರೆ ನಾನು ಒಪ್ಪುವುದಿಲ್ಲ. ಹೊಸ ಪ್ಲೇಟ್ ಮಾಡಿಸಿ, ಗೇಜ್‌ನಲ್ಲಿ ನೋಡುತ್ತಲೇ ಸರಿಸಿ, ಆಮೇಲೆ ಡೋವೆಲ್ ಪಿನ್ ಹೊಡೆದೆ. ಹಳೆಯ ಪ್ಲೇಟ್‌ಗೆ ಕೊಟ್ಟ ದುಡ್ಡು, ಬೇರಿಂಗ್, ಇನ್‌ಪುಟ್ ಶಾಫ್ಟ್, ಎಲ್ಲ ನೀರಿಗೆ.

ಕ್ಲಚ್ ವಿಷಯದಲ್ಲಿ ಎಲ್ಲರ ಸಲಹೆ ಸಿರಾಮಿಕ್ ಪ್ಲೇಟ್. ಹಾಕಿಯೂ ನೋಡಿದೆ. ಹಿಡಿಯುತ್ತದೆ, ಆದರೆ ಒಂದೇ ಏಟಿಗೆ ಹಿಡಿಯುತ್ತದೆ. ಎರಡನೇ ಗೇರ್‌ನ ಹಲ್ಲು ಚೂರಾಗಿ ಡ್ರೈನ್ ಪ್ಲಗ್ ಮ್ಯಾಗ್ನೆಟ್‌ಗೆ ಅಂಟಿಕೊಂಡು ಬಂತು. ಈಗ ಸ್ಪ್ರಿಂಗ್ ಇರುವ ಮಾಮೂಲಿ ಆರ್ಗ್ಯಾನಿಕ್ ಪ್ಲೇಟ್, ಸ್ವಲ್ಪ ಗಟ್ಟಿ ಪ್ರೆಶರ್ ಪ್ಲೇಟ್. 19.5:1 ಕಂಪ್ರೆಶನ್ನಿನ ಡೀಸೆಲ್ ಹೊಡೆಯುವ ಪ್ರತಿ ಏಟೂ ಇನ್‌ಪುಟ್ ಶಾಫ್ಟ್‌ಗೆ ತಲುಪುತ್ತದೆ. ಮಧ್ಯೆ ಆ ಸ್ಪ್ರಿಂಗ್ ಇರಲೇಬೇಕು.

ಟ್ರಾನ್ಸ್‌ಫರ್ ಕೇಸ್ ಮೌಂಟ್ ಬಗ್ಗೆ ನಮ್ಮವರು ಮಾತಾಡುವುದೇ ಕಡಿಮೆ. ಈ ಗಾಡಿಯಲ್ಲಿ ಅದು ಗೇರ್ ಬಾಕ್ಸ್‌ಗೆ ಅಂಟಿಕೊಂಡಿಲ್ಲ, ಮೂರು ರಬ್ಬರ್ ಮೇಲೆ ಬೇರೆಯಾಗಿ ನೇತಾಡುತ್ತದೆ. ಒಳಗೆ ಬರುವ ಟಾರ್ಕ್‌ಗೂ ಹೊರಗೆ ಹೋಗುವ ಟಾರ್ಕ್‌ಗೂ ಇರುವ ವ್ಯತ್ಯಾಸ ಪೂರ್ತಿ ಆ ಮೂರು ರಬ್ಬರ್ ಮೇಲೆ. ನನ್ನ ಗೇರಿಂಗ್‌ನಲ್ಲಿ ಹೆಚ್ಚೆಂದರೆ 2400 ಎನ್‌ಎಂ. ಕೆಳಗೆ ಮಲಗಿ ನೋಡುತ್ತಿದ್ದಾಗ ಗೆಳೆಯನಿಗೆ ಲೋನಲ್ಲಿ ಕ್ಲಚ್ ಬಿಡಲು ಹೇಳಿದೆ, ಮರಕ್ಕೆ ಕಟ್ಟಿದ ಗಾಡಿಯಲ್ಲಿ. ದಯವಿಟ್ಟು ನೀವು ಹೀಗೆ ಮಲಗಬೇಡಿ, ಮೊಬೈಲ್ ಇಟ್ಟು ವಿಡಿಯೋ ತೆಗೆಯಿರಿ. ಕೇಸ್ ಎರಡು ಬೆರಳು ಎತ್ತರಕ್ಕೆ ಎದ್ದು ತಿರುಗಿ ಕೂತಿತು. ಅಷ್ಟು ತಿರುಗಿದರೆ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಏನಾಗಬೇಕು ಹೇಳಿ! ಕೇಸ್ ಅಡಿಗೆ ಎರಡೂ ಚಾಸಿಸ್ ರೈಲ್ ಹಿಡಿಯುವ ತೊಟ್ಟಿಲು ಕಟ್ಟಿ, ಒಂದು ಟಾರ್ಕ್ ಆರ್ಮ್ ಸೇರಿಸಿದೆ. ಪೂರ್ತಿ ಗಟ್ಟಿ ಮಾಡಿದರೆ ಕೇಸ್‌ನ ಅಲ್ಯುಮಿನಿಯಂ ಕಿವಿ ಒಡೆಯುತ್ತದೆ, ಹಾಗಾಗಿ ಪಾಲಿಯುರೆಥೇನ್ ಬುಷ್. ಯಾವ ಗಟ್ಟಿತನದ ಬುಷ್, ಆರ್ಮ್ ಯಾವ ಕೋನದಲ್ಲಿ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕೆ ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೇನೆ.

ಹಿಂದಿನ ಆಕ್ಸಲ್‌ನ ಹೌಸಿಂಗ್‌ಗೆ (ಹೊರ ಕವಚ) ಟ್ರಸ್, ಅಂದರೆ ಬಾಗದಂತೆ ತಡೆಯುವ ಉಕ್ಕಿನ ಆಸರೆ, ಹಾಕಿಸಿದ್ದು ಇನ್ನೊಂದು ಕಥೆ. ಬೆಸುಗೆಯವರು ಒಂದೇ ಉಸಿರಿಗೆ ಉದ್ದಕ್ಕೂ ಬೀಡ್ ಎಳೆದರು. ಹೌಸಿಂಗ್ ಬಾಳೆಹಣ್ಣಿನ ಹಾಗೆ ಬಾಗಿತು. ಬಾಗಿದ ಹೌಸಿಂಗ್‌ನಲ್ಲಿ ಶಾಫ್ಟ್ ಕೂರುತ್ತದೆ, ಓಡುತ್ತದೆ, ಆದರೆ ಸೀಲ್ ನಿಲ್ಲುವುದಿಲ್ಲ, ಸ್ಪ್ಲೈನ್ (ಶಾಫ್ಟ್ ತುದಿಯ ಉದ್ದುದ್ದ ಹಲ್ಲು) ಒಂದೇ ಪಕ್ಕ ಸವೆಯುತ್ತದೆ. ಅದನ್ನು ಗುಜರಿಗೆ ಹಾಕಿ ಇನ್ನೊಂದು ತಂದೆ. ಈ ಸಲ ಎರಡು ಅಂಗುಲ ಬೆಸುಗೆ, ನಂತರ ಎದುರು ಬದಿಗೆ ಎರಡು ಅಂಗುಲ, ಕೈ ಇಟ್ಟರೆ ಸುಡದಷ್ಟು ಆರುವವರೆಗೆ ಕಾಯುವುದು. ಒಳಗೆ ನೇರವಾದ ದಪ್ಪ ಬಾರ್ ತೂರಿಸಿ ಇಟ್ಟಿದ್ದೆವು. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಶಾಫ್ಟ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ವ್ಯಾಸ 10% ಹೆಚ್ಚಿಸಿದರೆ ತಿರುಚು ತಡೆಯುವ ಶಕ್ತಿ ಮೂರನೇ ಒಂದರಷ್ಟು ಹೆಚ್ಚುತ್ತದೆ, ನಿಜ. ಆದರೆ ಡಿಫ್ ಒಳಗಿನ ಸೈಡ್ ಗೇರ್ ಅದೇ ಇರುವಾಗ ದಪ್ಪ ಮಾಡಲು ಜಾಗ ಎಲ್ಲಿದೆ? ಲೋಹವನ್ನೇ ಬದಲಾಯಿಸಬೇಕು. ಹಿಂದಿನ ಆಕ್ಸಲ್‌ಗೆ 300ಎಂ, ಮುಂದಿನದಕ್ಕೆ 4340, ಎರಡೂ ಗಟ್ಟಿ ಮಿಶ್ರ ಉಕ್ಕು. ಶಾಫ್ಟ್‌ನ ನಡುಭಾಗವನ್ನು ಸ್ಪ್ಲೈನ್ ಬುಡಕ್ಕಿಂತ ಕೂದಲಷ್ಟು ಸಣ್ಣ ಮಾಡಿಸಿ, ಕೊನೆಯಲ್ಲಿ ಉದ್ದನೆಯ ಇಳಿಜಾರು ಕೊಡಿಸಿದೆ. ಗಟ್ಟಿ ಮಾಡಬೇಕು ಅಂತ ಬಂದು ತೆಳ್ಳಗೆ ಮಾಡಿಸ್ತೀರಲ್ಲ ಅಂತ ಲೇತ್‌ನವರು ಕೇಳಿದರು. ತಿರುಚು ಸ್ಪ್ಲೈನ್ ಬುಡದಲ್ಲಿ ಒಂದೇ ಜಾಗ ಸೇರಿದರೆ ಅಲ್ಲೇ ಮುರಿಯುತ್ತದೆ. ಇಡೀ ಉದ್ದಕ್ಕೆ ಹಂಚಿದರೆ ಶಾಫ್ಟ್ ಸ್ಪ್ರಿಂಗ್ ತರಹ ತಿರುಚಿ ವಾಪಸ್ ಬರುತ್ತದೆ. ಮೇಲೆ ಶಾಟ್ ಪೀನಿಂಗ್ (ಸಣ್ಣ ಗುಂಡುಗಳನ್ನು ರಭಸದಿಂದ ಹೊಡೆದು ಮೇಲ್ಮೈ ಗಟ್ಟಿ ಮಾಡುವುದು) ಬೇರೆ. ಹಿಂದಿನ ಶಾಫ್ಟ್ ಗಾಡಿಯ ಭಾರವನ್ನೂ ಹೊರುತ್ತದೆ. ಹಾಗಾಗಿ ಬೇರಿಂಗ್ ಕೂರುವ ಜಾಗವನ್ನು ವರ್ಷಕ್ಕೊಮ್ಮೆ ಬಿರುಕು ತೋರಿಸುವ ಬಣ್ಣದ ದ್ರವ ಹಾಕಿ ನೋಡುತ್ತೇನೆ.

ಇಲ್ಲಿ ಒಂದು ಸುಲಭ ಪ್ರಯೋಗ ಮಾಡಿದೆ, ಎಲ್ಲರೂ ಮಾಡಬಹುದು. ಶಾಫ್ಟ್ ಒಳಗೆ ಹಾಕುವ ಮುಂಚೆ ಈ ತುದಿಯಿಂದ ಆ ತುದಿಗೆ ಪೇಂಟ್‌ನಲ್ಲಿ ಒಂದು ನೇರ ಗೆರೆ ಎಳೆಯಿರಿ. ಗೀರು ಮಾಡಬೇಡಿ, ಗೀರಿನಿಂದಲೇ ಬಿರುಕು ಶುರುವಾಗುತ್ತದೆ. ಕೆಲವು ತಿಂಗಳ ನಂತರ ತೆಗೆದು ನೋಡಿ. ಗೆರೆ ಸುತ್ತಿಕೊಂಡಿದ್ದರೆ ಶಾಫ್ಟ್ ಸೋತಿದೆ, ಮುರಿಯುವುದಷ್ಟೇ ಬಾಕಿ. ಕಂಪನಿಯ ಹಳೆಯ ಶಾಫ್ಟ್‌ನಲ್ಲಿ ಗೆರೆ ಕಾಲು ಸುತ್ತು ತಿರುಗಿತ್ತು. ಹೊಸದರಲ್ಲಿ ಇವತ್ತಿಗೂ ನೇರ. ಕ್ರಯೋ ಟ್ರೀಟ್‌ಮೆಂಟ್ (ಲೋಹವನ್ನು ಅತಿ ತಣ್ಣಗೆ ಮಾಡಿ ಹದಗೊಳಿಸುವುದು) ಮಾಡಿಸಿದ ಒಂದು ಶಾಫ್ಟ್, ಮಾಡಿಸದ ಒಂದು, ಎಡ ಬಲ ಹಾಕಿಯೂ ನೋಡಿದೆ. ನನಗೇನೂ ವ್ಯತ್ಯಾಸ ಕಾಣಲಿಲ್ಲ. ಆ ದುಡ್ಡಿಗೆ ಎರಡು ಸೆಟ್ ಬೇರಿಂಗ್ ಬರುತ್ತಿತ್ತು.

ಮುಂದಿನ ಡಿಫ್‌ನಲ್ಲಿ ಹಿಂದಿನ ಆಕ್ಸಲ್‌ನದೇ ಕ್ರೌನ್ ಪಿನಿಯನ್ (ಡಿಫ್‌ನ ಮುಖ್ಯ ಗೇರ್ ಜೋಡಿ) ಇದ್ದರೆ, ಮುಂದಕ್ಕೆ ಹೋಗುವಾಗ ಅದು ಹಲ್ಲಿನ ಬಲಹೀನ ಮುಖದ ಮೇಲೆ ದುಡಿಯುತ್ತದೆ. ಹಾಗಾಗಿ ಮುಂದಿನ ಆಕ್ಸಲ್‌ಗೆ ಬೇಕಾದಾಗ ಮಾತ್ರ ಹಾಕುವ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವುದು). ಸ್ಟೀರಿಂಗ್ ಪೂರ್ತಿ ತಿರುಗಿಸಿ ರೇಸ್ ಕೊಟ್ಟರೆ ಬರ್ಫೀಲ್ಡ್ ಜಾಯಿಂಟ್‌ನ (ಮುಂದಿನ ಚಕ್ರ ತಿರುಗಿದಾಗಲೂ ಶಕ್ತಿ ಒಯ್ಯುವ ಕೀಲು) ಕೇಜ್ ಒಡೆಯುತ್ತದೆ, ಚಕ್ರ ಎಷ್ಟು ತಿರುಗಬೇಕು ಅಂತ ತಡೆಯುವ ಲಾಕ್ ಸ್ಟಾಪ್ ಸ್ವಲ್ಪ ಹೊರಗೆ ತಂದರೆ ಅರ್ಧ ಕಷ್ಟ ಕಡಿಮೆ. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) 0.10ರಿಂದ 0.15 ಮಿಮೀ, ಮಾರ್ಕಿಂಗ್ ಪೇಸ್ಟ್ ಹಾಕಿ ಹಲ್ಲಿನ ಗುರುತು ನೋಡದೆ ಮುಚ್ಚಬೇಡಿ.

ಈಗ ಆ ಕ್ರಾಸ್. ಹಿಂದಿನ ಆಕ್ಸಲ್ 3000 ಎನ್‌ಎಂ ಕಂಡಾಗ ಪ್ರೊಪೆಲ್ಲರ್ ಶಾಫ್ಟ್ ಕಾಣುವುದು 3.73ರಿಂದ ಭಾಗಿಸಿದಷ್ಟು, ಸುಮಾರು 800. ಅದಕ್ಕಿಂತ ಕಾಲು ಭಾಗ ಮೇಲೆ ಮುರಿಯುವ ಸಣ್ಣ ಕ್ರಾಸ್ ಹಾಕಿದರೆ, ಟೈರು ಕಲ್ಲಿನಲ್ಲಿ ಸಿಕ್ಕಿಕೊಂಡಾಗ ಅದೇ ಮೊದಲು ಹೋಗುತ್ತದೆ. ಬದಲಾಯಿಸಲು ಅರ್ಧ ಗಂಟೆ ಸಾಕು, ಬೆಲೆ ಶಾಫ್ಟ್‌ನ ಇಪ್ಪತ್ತನೇ ಒಂದು ಭಾಗವೂ ಇಲ್ಲ. ಸರಿಯಾದ ಅಳತೆ ಸಿಗಲು ಒಂದಷ್ಟು ಕ್ರಾಸ್ ಮುರಿಯಬೇಕಾಯಿತು. ಎರಡು ಎಚ್ಚರಿಕೆ. ಶಾಫ್ಟ್ ಸುತ್ತ ಕಬ್ಬಿಣದ ಬಳೆ ಹಾಕದೆ ಇದನ್ನು ಮಾಡಬೇಡಿ, ಮುರಿದ ಶಾಫ್ಟ್ ಪೆಟ್ರೋಲ್ ಡೀಸೆಲ್ ಟ್ಯಾಂಕ್ ಅಂತ ನೋಡುವುದಿಲ್ಲ. ನಿಮ್ಮ ಹ್ಯಾಂಡ್‌ಬ್ರೇಕ್ ಟ್ರಾನ್ಸ್‌ಫರ್ ಕೇಸ್ ಹಿಂಭಾಗದಲ್ಲಿದ್ದರೆ ಈ ಉಪಾಯವೇ ಬೇಡ, ಏರಿನಲ್ಲಿ ಕ್ರಾಸ್ ಹೋದರೆ ಹಿಂದಿನ ಚಕ್ರಕ್ಕೆ ಆ ಬ್ರೇಕೂ ಹೋಗುತ್ತದೆ.

ಒಟ್ಟು ದುಡ್ಡು ಕೇಳಿದರೆ, ಎಂಜಿನ್‌ಗೆ ಕೊಟ್ಟದ್ದರ ಒಂದೂವರೆ ಪಟ್ಟು ಎಂಜಿನ್‌ನ ಹಿಂದಿರುವ ಕ್ಲಚ್, ಗೇರ್, ಆಕ್ಸಲ್ ಕೆಲಸಕ್ಕೆ ಹೋಯಿತು. ಅದರಲ್ಲಿ ಮೂರನೇ ಒಂದು ಭಾಗ ಬಿಸಾಡಿದ ಪಾರ್ಟ್ಸ್. ಆದರೂ ಟೊಯೊಟಾ ಆಕ್ಸಲ್ ಲೆಕ್ಕಕ್ಕಿಂತ ಅರ್ಧ.

ಎಂಜಿನ್ ಇನ್ನೂ ಏರಿಸಬಹುದಲ್ವಾ ಅಂತ ಈಗ ಕೇಳುತ್ತಿದ್ದಾರೆ. ಲೋ ರೇಂಜ್‌ನಲ್ಲಿ ಆಕ್ಸಲ್‌ಗೆ ಟೈರು ಕಾವಲಿದೆ. ಗೇರ್ ಬಾಕ್ಸ್‌ಗೆ ಆ ಕಾವಲು ಇಲ್ಲ, ಅದು ಎಂಜಿನ್ ಕೊಟ್ಟಷ್ಟನ್ನೂ ತಿನ್ನಬೇಕು. ಅದಕ್ಕೇ 2000 ಆರ್‌ಪಿಎಂ ಒಳಗೆ ಡೀಸೆಲ್ ಪ್ರಮಾಣ ಕಡಿಮೆ ಮಾಡಿಸಿ ಎಂಜಿನ್ ಕಂಪ್ಯೂಟರಿನ ಮ್ಯಾಪ್ ಬರೆಸಿದ್ದೇನೆ, ಏರಿಕೆ ಮೆಲ್ಲಗೆ ಬರುವ ಹಾಗೆ. ಅದರ ಅಂಕಿಗಳನ್ನು ಕೊಡುವುದಿಲ್ಲ. ಇನ್ನೊಂದು ಸುಜುಕಿ ಬಾಕ್ಸ್ ತಂದು ಬಿಚ್ಚಿ ಇಟ್ಟಿದ್ದೇನೆ, ಎರಡನೇ ಗೇರ್ ಜೋಡಿಯನ್ನು ಬೇರೆ ಉಕ್ಕಿನಲ್ಲಿ ಮಾಡಿಸಲು. ಅದು ಆಗುವವರೆಗೆ 210ಕ್ಕಿಂತ ಒಂದು ಎನ್‌ಎಂ ಕೂಡ ಮೇಲೆ ಹೋಗುವುದಿಲ್ಲ.