ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ ತಕ್ಷಣ ಒರೆಸಬೇಡಿ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಗ್ರೌಂಡ್ ಫ್ಲೋರ್ ಮನೆಯಲ್ಲಿ ಎರಡು ಮಳೆಗಾಲ ನಾನು ಮಾಡಿದ್ದು ಒಂದೇ ಕೆಲಸ. ಬೆಡ್‌ರೂಮಿನ ದಾರಂದದ (ಬಾಗಿಲಿನ ಚೌಕಟ್ಟಿನ) ಪಕ್ಕ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡಾಗಲೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಅಂಗಡಿಯಿಂದ ತಂದ ಸ್ಪ್ರೇ ಹೊಡೆದು, ಹೋಯಿತು ಅಂದುಕೊಳ್ಳುವುದು. ಮೂರನೇ ವರ್ಷ ಗೋಡೆ ಕಪಾಟಿನ ಕೆಳಗಿನ ಖಾನೆಯಿಂದ ಅಮ್ಮನ ಹಾಡಿನ ಪುಸ್ತಕ ತೆಗೆದೆ. ಮದುವೆ ಹಾಡು, ಆರತಿ ಹಾಡು ಎಲ್ಲ ಅಮ್ಮ ಕೈಯಲ್ಲೇ ಬರೆದಿದ್ದು. ಮೇಲಿನ ರಟ್ಟು ಹಾಗೇ ಇತ್ತು. ತೆರೆದರೆ ಹಾಳೆ ಇರಬೇಕಾದ ಜಾಗದಲ್ಲಿ ಮಣ್ಣು, ಅದರೊಳಗೆ ಹರಿದಾಡುವ ಬಿಳಿ ಹುಳು. ಆ ಹಾಡುಗಳು ಇನ್ನು ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಆ ಮಣ್ಣಿನ ಗೆರೆ ಗೆದ್ದಲಿನ ದಾರಿ. ಗೆದ್ದಲಿನ ಮೈ ತುಂಬ ಮೆತ್ತಗೆ, ಬಿಸಿಲು ಗಾಳಿಗೆ ಬೇಗ ಒಣಗಿಹೋಗುತ್ತದೆ. ಅದಕ್ಕೇ ಮಣ್ಣಿನ ಕೊಳವೆ ಕಟ್ಟಿಕೊಂಡು ಒಳಗೊಳಗೇ ಓಡಾಡುತ್ತದೆ. ಗೂಡು, ರಾಣಿ ಎಲ್ಲ ಸಾಮಾನ್ಯವಾಗಿ ನೆಲದೊಳಗೆ. ನಾವು ನೋಡುವುದು ಕೂಲಿ ಹುಳುಗಳನ್ನು ಮಾತ್ರ, ಹತ್ತಿಪ್ಪತ್ತು ಸತ್ತರೆ ಉಳಿದವು ಇನ್ನೊಂದು ಬಿರುಕಿನಿಂದ ಬರುತ್ತವೆ. ಗೆರೆ ಒರೆಸಿದರೆ ಎಲ್ಲಿಂದ ಬರುತ್ತಿವೆ ಅನ್ನುವ ಗುರುತೂ ಹೋಯಿತು ಅಲ್ವಾ?

ಹಾಗಾಗಿ ಮೊದಲು ಫೋಟೋ ತೆಗೆಯಿರಿ. ಆಮೇಲೆ ಗೆರೆಯ ನಡುವೆ ಒಂದಿಂಚು ಮಾತ್ರ ಉಗುರಿನಿಂದ ಕೆರೆದು ಬಿಡಿ. ಎರಡು ಮೂರು ದಿನ ಬಿಟ್ಟು ನೋಡಿ. ಹೊಸ ಹಸಿ ಮಣ್ಣು ಮೆತ್ತಿದ್ದರೆ ಗೆದ್ದಲು ಈಗಲೂ ಓಡಾಡುತ್ತಿದೆ ಅಂತ ಅರ್ಥ. ಮೆತ್ತದಿದ್ದರೂ ಖುಷಿಪಡಬೇಡಿ, ದಾರಿ ಬದಲಿಸಿರಬಹುದು.

ಮುಂದಿನದು ಮರ ಪರೀಕ್ಷೆ. ಇದಕ್ಕೆ ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್ ಸಾಕು. ಸ್ಕ್ರೂಡ್ರೈವರ್ ಹಿಡಿಯಿಂದ ದಾರಂದವನ್ನು ಕೆಳಗಿನಿಂದ ಮೇಲೆ ತಟ್ಟುತ್ತಾ ಹೋಗಿ. ಗಟ್ಟಿ ಮರದ ಸದ್ದು ಬೇರೆ, ಟೊಳ್ಳು ಮರದ ಸದ್ದು ಬೇರೆ, ಒಂದೆರಡು ಸಲ ಕೇಳಿದರೆ ಕಿವಿಗೇ ಗೊತ್ತಾಗುತ್ತದೆ. ಸದ್ದು ಬದಲಾದ ಕಡೆ ತುದಿಯಿಂದ ಮೆಲ್ಲಗೆ ಒತ್ತಿ. ನಮ್ಮ ಮನೆಯಲ್ಲಿ ಬಣ್ಣ ಚೂರೂ ಕೆಟ್ಟಿರಲಿಲ್ಲ, ಒತ್ತಿದ ತಕ್ಷಣ ಹಪ್ಪಳದ ಹಾಗೆ ಮುರಿದು ಸ್ಕ್ರೂಡ್ರೈವರ್ ಎರಡಿಂಚು ಒಳಗೆ ಹೋಯಿತು. ಸಿಂಕ್ ಕೆಳಗೆ, ಬಾತ್‌ರೂಮಿಗೆ ಅಂಟಿದ ಗೋಡೆ, ಕಪಾಟಿನ ಹಿಂಬದಿ, ಸ್ವಿಚ್ ಬೋರ್ಡ್ ಸುತ್ತ, ಅಟ್ಟದ ಮೇಲಿನ ರಟ್ಟಿನ ಡಬ್ಬ, ಯಾವುದನ್ನೂ ಬಿಡಬೇಡಿ.

ಮರ ತಿನ್ನುವುದೆಲ್ಲ ಒಂದೇ ಹುಳು ಅಲ್ಲ. ಕೆಳಗೆ ಏನು ಉದುರಿದೆ ನೋಡಿ. ಮಣ್ಣು ಇದ್ದರೆ ನೆಲದ ಗೆದ್ದಲು. ಗಸಗಸೆಯಂಥ ಗಟ್ಟಿ ಕಾಳು ಉದುರಿದ್ದರೆ ಅದು ಒಣ ಮರದಲ್ಲೇ ಮನೆ ಮಾಡುವ ಗೆದ್ದಲು, ಅದಕ್ಕೆ ನೆಲದ ಸಂಬಂಧವೇ ಬೇಡ. ಮರದಲ್ಲಿ ಸಣ್ಣ ದುಂಡನೆ ತೂತು, ಕೆಳಗೆ ಹಿಟ್ಟಿನಂಥ ನುಣುಪು ಪುಡಿ ಇದ್ದರೆ ಕುಟ್ಟೆ ಹುಳು. ಕಾಳು, ಹಿಟ್ಟು ಇದ್ದ ಕಡೆ ಆ ಮರಕ್ಕಷ್ಟೇ ಮದ್ದು ಹಾಕಿದರೆ ಅಥವಾ ಆ ಹಲಗೆ ಬದಲಿಸಿದರೆ ಆಯಿತು, ಇಡೀ ಮನೆಯ ನೆಲ ಕೊರೆಸಬೇಕಿಲ್ಲ. ಮೊದಲ ಮಳೆಗೆ ಟ್ಯೂಬ್‌ಲೈಟ್ ಸುತ್ತ ಬರುವ ರೆಕ್ಕೆ ಹುಳು ಕಂಡು ಮಾತ್ರ ಗಾಬರಿಯಾಗಬೇಡಿ, ಅವು ಹೊರಗಿನಿಂದ ಬಂದಿರಬಹುದು. ಅದೇ ಗೋಡೆಯ ಬಿರುಕಿನಿಂದ, ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿಯ ಸಂದಿನಿಂದ ಎದ್ದು ಬರುತ್ತಿದ್ದರೆ ಗೂಡು ಹತ್ತಿರದಲ್ಲೇ ಇದೆ. ರೆಕ್ಕೆಯ ಇರುವೆಗೂ ಇದಕ್ಕೂ ವ್ಯತ್ಯಾಸ ಸುಲಭ: ಇರುವೆಗೆ ಸೊಂಟ ಸಣ್ಣ, ಮುಂದಿನ ರೆಕ್ಕೆ ದೊಡ್ಡದು. ಗೆದ್ದಲಿಗೆ ಸೊಂಟವಿಲ್ಲ, ನಾಲ್ಕು ರೆಕ್ಕೆಯೂ ಒಂದೇ ಉದ್ದ.

ಇನ್ನು ನೀರು. ಮುಂಬಯಿ ಕಡೆ ಇದೇ ದೊಡ್ಡ ಕಾರಣ ಅಂತ ನನಗೆ ಅನಿಸುತ್ತದೆ. ಒಳಗಿನ ಪೈಪ್ ಸೋರುತ್ತಿದ್ದರೆ ಮೊದಲು ಪ್ಲಂಬರ್ ಕರೆಸಿ. ಹೊರಗೋಡೆಯಿಂದ ನೀರು ಇಳಿಯುತ್ತಿದ್ದರೆ ಅದು ಕಟ್ಟಡದ ಹೌಸಿಂಗ್ ಸೊಸೈಟಿಯ ಕೆಲಸ. ಸೆಕ್ರೆಟರಿಗೆ ಬಾಯಲ್ಲಿ ಹೇಳಿದರೆ ಸಾಲದು, ಅರ್ಜಿ ಬರೆದು ಫೋಟೋ ಸೇರಿಸಿ ಕೊಡಿ. ಒದ್ದೆ ಗೋಡೆ ಹಾಗೇ ಬಿಟ್ಟು ಮದ್ದು ಹೊಡೆಸಿದರೆ ಅದು ಜಾಸ್ತಿ ದಿನ ಬಾಳುವುದಿಲ್ಲ. ಪಕ್ಕದ ಮನೆಯವರನ್ನೂ ಕೇಳಿ. ಮರಾಠಿಯವರಾದರೆ 'ವಾಳವಿ' (ಗೆದ್ದಲು) ಅಂದರೆ ಸಾಕು, ಅವರ ಮನೆಯ ಕತೆಯೂ ಹೊರಗೆ ಬರುತ್ತದೆ. ಇಬ್ಬರೂ ಸೇರಿ ಮಾಡಿಸುವುದು ಒಳ್ಳೆಯದು.

ನೆಲದ ಗೆದ್ದಲು ಅಂತ ಖಾತ್ರಿಯಾದರೆ ಪೆಸ್ಟ್ ಕಂಟ್ರೋಲ್‌ನವರನ್ನೇ ಕರೆಸಿ. ಅವರಿಗೆ ಕೀಟನಾಶಕ ಬಳಸುವ ಲೈಸೆನ್ಸ್ ಇರಬೇಕು, ನೋಡಲು ಕೇಳಿ. ಕಟ್ಟಿದ ಮನೆಗೆ ಮದ್ದು ಹಾಕುವ ಪದ್ಧತಿ ಭಾರತೀಯ ಮಾನಕ ಐಎಸ್ 6313ರ 3ನೇ ಭಾಗದಲ್ಲಿದೆ: ಗೋಡೆ ಮತ್ತು ನೆಲ ಸೇರುವಲ್ಲಿ ಸುಮಾರು ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು, ಮದ್ದು ತುಂಬಿ, ಮೇಲೆ ಸಿಮೆಂಟ್ ಮುಚ್ಚುವುದು. ದಾರಂದದ ಮರಕ್ಕೆ ಸಣ್ಣ ತೂತು, ಕೆಳಮುಖವಾಗಿ ಓರೆ. ಸುಮ್ನೆ ಗೋಡೆ ಮೇಲೆ ಸ್ಪ್ರೇ ಹೊಡೆದು ಹತ್ತು ನಿಮಿಷದಲ್ಲಿ ಹೊರಟರೆ ಅದಕ್ಕೆ ದುಡ್ಡು ಕೊಡಬೇಡಿ. ನಮ್ಮಲ್ಲಿಗೆ ಮೊದಲು ಬಂದವನು ಹಾಗೇ ಮಾಡಿ ಹೋದ. ಯಾವ ಮದ್ದು, ಎಷ್ಟು ನೀರಿಗೆ ಎಷ್ಟು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಉದಾಹರಣೆಗೆ ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ (ನೀರಿಗೆ ಬೆರೆಸುವ ದ್ರವ ಮದ್ದು) ಆದರೆ ಲೀಟರ್ ನೀರಿಗೆ 2.1 ಮಿ.ಲೀ. ಸೀಲ್ ಇರುವ ಬಾಟಲಿ ನಿಮ್ಮೆದುರೇ ಒಡೆಯಲಿ. ಇಮಿಡಾಕ್ಲೋಪ್ರಿಡ್ ಇದೆ ಅಂತ ಗೆದ್ದಲಿಗೆ ಗೊತ್ತಾಗುವುದಿಲ್ಲ, ಹಾಯ್ದು ಹೋಗಿ ಮೈಗಂಟಿದ್ದನ್ನು ಉಳಿದವಕ್ಕೂ ಹಂಚುತ್ತದೆ, ಹಾಗಾಗಿ ಫಲ ಕಾಣಲು ಕೆಲವು ದಿನ ಬೇಕು.

ಕೊರೆಯುವ ಮುಂಚೆ ಗೋಡೆಯೊಳಗಿನ ನೀರಿನ ಪೈಪ್, ವೈರ್ ಎಲ್ಲಿ ಹೋಗಿದೆ ಅಂತ ಚಾಕ್‌ನಿಂದ ಗುರುತು ಹಾಕಿ. ಗ್ರೌಂಡ್ ಫ್ಲೋರ್ ಆದರೆ ನೆಲದಡಿಯ ನೀರಿನ ಟಾಂಕಿ ಎಲ್ಲಿದೆ ಅಂತ ವಾಚ್‌ಮನ್‌ಗೆ ಗೊತ್ತಿರುತ್ತದೆ, ಅದರ ಹತ್ತಿರ ಮದ್ದು ಬೇಡವೇ ಬೇಡ. ಅಡುಗೆ ಪಾತ್ರೆ, ಅಕ್ಕಿ ಬೇಳೆ ಬೇರೆ ಕೋಣೆಗೆ ಸಾಗಿಸಿ. ಮೀನಿನ ತೊಟ್ಟಿ ಇದ್ದರೆ ಮನೆಯಿಂದಲೇ ಹೊರಗಿಡಿ. ಮಕ್ಕಳು, ಬಸುರಿಯರು, ವಯಸ್ಸಾದವರು ಮದ್ದು ಪೂರ್ತಿ ಒಣಗುವವರೆಗೆ ನೆಂಟರ ಮನೆಯಲ್ಲಿರಲಿ. ಸೀಮೆಎಣ್ಣೆ ಬೆರೆಸಿದ ಮದ್ದು ಮರಕ್ಕೆ ಹಾಕುತ್ತಿದ್ದರೆ ಗ್ಯಾಸ್ ಒಲೆ, ದೇವರ ದೀಪ ಎರಡೂ ಆರಿರಲಿ.

ಮದ್ದು ಹಾಕಿದರೂ ಗೆದ್ದಲು ತಿಂದ ಮರ ಮತ್ತೆ ಗಟ್ಟಿಯಾಗುವುದಿಲ್ಲ. ಕಪಾಟಿನ ಹಲಗೆ, ದಾರಂದ ಆದರೆ ಬಡಗಿ ಬದಲಿಸುತ್ತಾನೆ. ಆದರೆ ಮುಂಬಯಿಯ ಗಿರ್ಗಾಂವ್ ಕಡೆಯ ಹಳೆ ಚಾಳುಗಳಂತೆ (ಸಾಲು ಕೋಣೆಗಳ ವಠಾರ) ಮಾಳಿಗೆ ಮರದ ತೊಲೆ ಮೇಲೆ ನಿಂತಿದ್ದು, ಆ ತೊಲೆ ಟೊಳ್ಳಾಗಿದ್ದರೆ ಒಂದು ದಿನವೂ ತಡ ಮಾಡಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು.

ಹೊಸ ಪ್ಲೈವುಡ್ ತರುವಾಗ 'ವಾಟರ್‌ಪ್ರೂಫ್' ಅಂದ ಮಾತ್ರಕ್ಕೆ ಗೆದ್ದಲು ಹಿಡಿಯಲ್ಲ ಅಂತ ನಂಬಬೇಡಿ. ಆ ಮಾತು ಅಂಟಿಗೆ ಸಂಬಂಧಿಸಿದ್ದು. ಗೆದ್ದಲಿಗೆ ಮದ್ದು ಹಾಕಿದ ಪ್ಲೈ ಅಂತ ಬೇರೆಯೇ ಕೇಳಿ ತನ್ನಿ. ನಮ್ಮ ಕಪಾಟು ಈಗ ಗೋಡೆಯಿಂದ ಮೂರಿಂಚು ಈಚೆ, ಸ್ಟೀಲ್ ಕಾಲಿನ ಮೇಲೆ ನಿಂತಿದೆ. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಆ ಸಂದಿಗೆ ಟಾರ್ಚ್ ಬಿಟ್ಟು ನೋಡುತ್ತೇನೆ. ಉಳಿದ ಪುಸ್ತಕಗಳು ಮೇಲಿನ ಖಾನೆಯ ಸ್ಟೀಲ್ ಡಬ್ಬದಲ್ಲಿವೆ.